ಹಳೇ ಬ್ಲಾಗಿಗೆ ಹೊಸ ಸುಣ್ಣ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಮ್ಮ ಮಾಡುತ್ತಿದ್ದ ತಂಬುಳಿ, ಅಪ್ಪೆಹುಳಿ, ಹಬ್ಬಕ್ಕೆ ಹೇಳುತ್ತಿದ್ದ ಹಾಡು, ಅಡಿಕೆ ಸುಲಿಯುತ್ತಾ ಕೂತಾಗ ಬರುತ್ತಿದ್ದ ಕಥೆ, ಇವನ್ನೆಲ್ಲ ಎಲ್ಲಾದರೂ ಬರೆದಿಡಬೇಕು ಅಂತ 2008ರಲ್ಲಿ ಒಂದು ಬ್ಲಾಗ್ ಶುರು ಮಾಡಿದೆ. ಬ್ಲಾಗರ್‌ನಲ್ಲಿ. ಗೂಗಲ್ಲಿನವರ ಬ್ಲಾಗ್ ತಾಣ ಅದು, ದುಡ್ಡು ಕೊಡಬೇಕಾಗಿರಲಿಲ್ಲ, ಜಿಮೇಲ್ ಇದ್ದರೆ ಸಾಕಿತ್ತು. ಆಗ ಜೊತೆಯಲ್ಲಿ ಬರೆಯುತ್ತಿದ್ದ ಗೆಳತಿಯರು ಆಮೇಲೆ ಫೇಸ್‌ಬುಕ್ಕಿಗೆ ಹೋದರು. ನಾನು ಬ್ಲಾಗಲ್ಲೇ ಉಳಿದೆ, ಯಾಕೆಂದರೆ ಹದಿನೈದು ವರ್ಷದ ಹಿಂದೆ ಬರೆದದ್ದೂ ಅಲ್ಲಿ ತಿಂಗಳ ಪ್ರಕಾರ ಸಿಗುತ್ತದೆ.

ಹೋದ ವರ್ಷ ಅಕ್ಕನ ಮಗಳು ದುಬೈಯಿಂದ ಫೋನ್ ಮಾಡಿದಳು. "ಚಿಕ್ಕಮ್ಮ, ಅಜ್ಜಿಯ ಅಪ್ಪೆಹುಳಿ ನೋಡಿಕೊಂಡು ಮಾಡೋಣ ಅಂತ ಕೂತರೆ ಮೊಬೈಲಲ್ಲಿ ಓದಲಿಕ್ಕೇ ಆಗ್ತಾ ಇಲ್ಲ" ಅಂದಳು. ನೋಡಿದೆ. ಕಂದು ಬಣ್ಣದ ಮೇಲೆ ಬಿಳಿ ಅಕ್ಷರ, ಎರಡೂ ಪಕ್ಕದಲ್ಲಿ ಪಟ್ಟಿ, ನಡುವೆ ಬರಹ ಇರುವೆ ಸಾಲಿನ ಹಾಗೆ. ಆವತ್ತೇ ತೀರ್ಮಾನ ಮಾಡಿದೆ, ಇದನ್ನು ಸರಿ ಮಾಡಬೇಕು, ನಾನೇ ಮಾಡಬೇಕು. ನನಗೆ ಕೋಡಿಂಗ್ ಬರುವುದಿಲ್ಲ. ಆದರೂ ಆಯಿತು, ಅದಕ್ಕೇ ಇವತ್ತು ಈ ಮಾತು.

ಮೊದಲು ಬ್ಯಾಕಪ್, ಅಂದರೆ ಇದ್ದದ್ದರ ಒಂದು ಪ್ರತಿ ತೆಗೆದಿಟ್ಟುಕೊಂಡೆ. ಬರಹಗಳದ್ದು ಒಂದು ಫೈಲು, ವಿನ್ಯಾಸದ್ದು, ಅಂದರೆ ಥೀಮಿನದು, ಇನ್ನೊಂದು. ಎರಡೂ ಬೇರೆ ಬೇರೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ, ಬರಹದ ಫೈಲಿನಲ್ಲಿ ಫೋಟೊ ಇರುವುದಿಲ್ಲ, ಫೋಟೊ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ನನ್ನ ಹಳೇ ಫೋಟೊಗಳು ಬೇರೊಂದು ಸೈಟಿನಲ್ಲಿದ್ದವು, ಆ ಸೈಟು ಮುಚ್ಚಿಹೋಯಿತು. ಅಕ್ಕನ ಪೆನ್‌ಡ್ರೈವಿನಲ್ಲಿ ಅರ್ಧ ಸಿಕ್ಕಿತು. ಉಳಿದದ್ದು ಹೋಯಿತು.

ಆಮೇಲೆ ಇನ್ನೊಂದು ಖಾಲಿ ಬ್ಲಾಗ್ ಮಾಡಿ, ಯಾರಿಗೂ ಕಾಣದ ಹಾಗೆ ಇಟ್ಟು, ಬರಹವನ್ನೆಲ್ಲ ಅದಕ್ಕೆ ತುಂಬಿಸಿ ಅಲ್ಲೇ ಪ್ರಯೋಗ ಮಾಡಿದೆ. ಒಂದು ಕಡೆಯಿಂದ ಪುಕ್ಕಟೆ ಥೀಮ್ ತಂದು ಹಾಕಿದೆ, ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಪುಟದ ತಳದಲ್ಲಿ ಯಾವ್ಯಾವುದೋ ಅಂಗಡಿಯ ಲಿಂಕುಗಳು, ಅಳಿಸಿದರೆ ಪುಟವೇ ತೆರೆಯುತ್ತಿರಲಿಲ್ಲ. ಬೇಡ ಅಂತ ಬಿಟ್ಟೆ. ಬ್ಲಾಗರ್‌ನವರೇ 2017ರಲ್ಲಿ ಕೊಟ್ಟ ಕಾಂಟೆಂಪೊ, ಸೋಹೊ, ಎಂಪೋರಿಯೊ, ನೋಟಬಲ್ ಅನ್ನುವ ಥೀಮುಗಳಿವೆ, ಫೋನಿನ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಅದರಲ್ಲೇ ಒಂದನ್ನು ಆರಿಸಿದೆ.

ಆದರೆ ಇವೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ವಿನ್ಯಾಸ, ಅಲ್ವಾ? ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 'ರಾಷ್ಟ್ರ', 'ಸ್ತ್ರೀ' ಅಂತ ಬರೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಸಾಲಿನ ಎತ್ತರವನ್ನು 1.4ರಿಂದ 1.8ಕ್ಕೆ ಏರಿಸಿದೆ. ಸಿಎಸ್ಎಸ್, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡು, ಅದನ್ನು ಸೇರಿಸುವ ಚೌಕದಲ್ಲಿ ಒಂದೇ ಒಂದು ಸಾಲು, ಅಕ್ಕನ ಮಗಳು ಹೇಳಿಕೊಟ್ಟಳು. ಬರಹಕ್ಕೆ ನೋಟೊ ಸೆರಿಫ್ ಕನ್ನಡ, ಬ್ಲಾಗಿನ ಹೆಸರಿಗೆ ಬಾಲೂ ತಮ್ಮ, ಎರಡೂ ಉಚಿತ ಫಾಂಟ್. ಓರೆ ಅಕ್ಷರ ಪೂರ್ತಿ ತೆಗೆದೆ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಎರಡೂ ಅಂಚು ಸಮ ಮಾಡುವುದನ್ನೂ ನಿಲ್ಲಿಸಿದೆ, ನಮ್ಮ ಪದಗಳು ಉದ್ದ, ಚಿಕ್ಕ ಪರದೆಯಲ್ಲಿ ನಡುನಡುವೆ ದೊಡ್ಡ ಕಂಡಿ ಬೀಳುತ್ತದೆ.

ಬರಹಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಲೇಬಲ್ಲುಗಳು ಅರವತ್ತಕ್ಕೂ ಜಾಸ್ತಿ ಇದ್ದವು. 'ಅಡುಗೆ' ಒಂದು, 'ಅಡಿಗೆ' ಇನ್ನೊಂದು. ಈಗ ಏಳೇ ಇವೆ.

ಹಳೇ ಬರಹಗಳ ವಿಳಾಸಗಳನ್ನು, ಅಂದರೆ ಲಿಂಕುಗಳನ್ನು, ಮಾತ್ರ ಮುಟ್ಟಲಿಲ್ಲ. ಕನ್ನಡದಲ್ಲಿ ತಲೆಬರಹ ಕೊಟ್ಟರೆ ಬ್ಲಾಗರ್ ಆ ಬರಹದ ವಿಳಾಸದಲ್ಲಿ ಸುಮ್ನೆ 'ಬ್ಲಾಗ್ ಪೋಸ್ಟ್', ಅದರ ಮುಂದೆ ಒಂದು ಸಂಖ್ಯೆ, ಹೀಗೆ ಹಾಕುತ್ತದೆ. ನೋಡಲು ಚೆನ್ನಾಗಿಲ್ಲ, ನಿಜ. ಹೊಸ ಬರಹಕ್ಕೆ ಪ್ರಕಟಿಸುವ ಮೊದಲೇ ನಾವೇ ಇಂಗ್ಲಿಷ್ ಅಕ್ಷರದಲ್ಲಿ ವಿಳಾಸ ಕೊಡಬಹುದು, ನಾನೀಗ ಹಾಗೇ ಮಾಡುತ್ತೇನೆ. ಆದರೆ ಹಳೆಯದನ್ನು ಅಳಿಸಿ ಮತ್ತೆ ಹಾಕಿದರೆ, ಯಾರೋ ಎಂದೋ ತಮ್ಮ ಮಗಳಿಗೆ ಕಳಿಸಿದ ಲಿಂಕು ಸತ್ತುಹೋಗುತ್ತದೆ. ಮನೆಗೆ ಬಣ್ಣ ಹೊಡೆಯೋಣ, ಬಾಗಿಲು ಇದ್ದಲ್ಲೇ ಇರಲಿ.

ಕೊನೆಯ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. 2010ರಲ್ಲಿ ಅಮ್ಮನ ಮೂರು ಹಾಡುಗಳನ್ನು ರೆಕಾರ್ಡ್ ಮಾಡಿ ಬ್ಲಾಗಿಗೆ ಹಾಕಿದ್ದೆ. ಅದು ಫ್ಲ್ಯಾಶ್ ಪ್ಲೇಯರ್‌ನಲ್ಲಿ ಕೇಳುವಂಥದ್ದು, ವೆಬ್ ಪುಟದಲ್ಲಿ ಹಾಡು, ವಿಡಿಯೊ ನಡೆಸುತ್ತಿದ್ದ ಹಳೇ ತಂತ್ರಾಂಶ ಅದು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಿತು, ಅಲ್ಲಿಂದ ಆ ಜಾಗದಲ್ಲಿ ಒಂದು ಬೂದು ಚೌಕ ಮಾತ್ರ ಇತ್ತು. ಅಮ್ಮ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಹಳೇ ಕಂಪ್ಯೂಟರಿನಲ್ಲಿ ಮೂಲ ಎಂಪಿತ್ರೀ ಫೈಲು ಉಳಿದಿತ್ತು. ಅಮ್ಮನ ಫೋಟೊ ಜೊತೆ ಸೇರಿಸಿ ಯೂಟ್ಯೂಬಿಗೆ ಹಾಕಿ, ಬೂದು ಚೌಕ ತೆಗೆದು ಅಲ್ಲಿ ಇದನ್ನು ಕೂರಿಸಿದೆ.

ರಾತ್ರಿ ದುಬೈಯಿಂದ ಫೋನ್ ಬಂತು. ಅವಳು ಮಾತಾಡಲಿಲ್ಲ. ಹಿಂದುಗಡೆ ಅಮ್ಮ ಹಾಡುತ್ತಿದ್ದದ್ದು ಕೇಳುತ್ತಿತ್ತು.

ನಮಸ್ಕಾರ.