ಸ್ವರದ ಮೇಲೆ ನಿಲ್ಲುವುದು: ಮನ್ನಾ ಡೇ

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳಿಸಿ, ಆರು ತಿಂಗಳಾದರೂ ಒಂದು ಹಾಡು ಬರಲಿಲ್ಲವಲ್ಲ ಎಂದು ಚಡಪಡಿಸುವ ತಂದೆತಾಯಿಯರು ರೇಡಿಯೊ ಮುಂದೆ ಇದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ವಿಷಯ ಹಿಂದಿ ಸಿನಿಮಾದ ಹಿನ್ನೆಲೆ ಗಾಯಕ ಮನ್ನಾ ಡೇ. ಹೇಳುವುದು ಒಂದೇ ಮಾತು: ಅವರಿಗೆ ಸ್ವರದ ಮೇಲೆ ನಿಲ್ಲಲು, ಅಂದರೆ ಒಂದು ಸ್ವರವನ್ನು ಜಾರದಂತೆ ಹಿಡಿದಿಡಲು ಬರುತ್ತಿತ್ತು.

ಹುಟ್ಟಿದ್ದು 1919ರ ಮೇ 1, ಕೋಲ್ಕತ್ತದಲ್ಲಿ. ಮನೆಯವರಿಟ್ಟ ಹೆಸರು ಪ್ರಬೋಧ ಚಂದ್ರ ಡೇ. ಚಿಕ್ಕಪ್ಪ ಕೃಷ್ಣ ಚಂದ್ರ ಡೇ ದೊಡ್ಡ ಗಾಯಕರು, ಎಳೆವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಮೊದಲ ಪಾಠ ಅವರದು, ಜೊತೆಗೆ ಉಸ್ತಾದ್ ದಬೀರ್ ಖಾನರದು. ಇನ್ನೊಂದು ಕಡೆ ಗೋಬರ್ ಗುಹಾ ಅವರ ಗರಡಿಯಲ್ಲಿ ಕುಸ್ತಿ. ಗರಡಿಗೂ ಗಾಯನಕ್ಕೂ ಏನು ನಂಟು ಅನ್ನಬೇಡಿ, ಎರಡಕ್ಕೂ ಉಸಿರೇ ಬಂಡವಾಳ.

1942ರಲ್ಲಿ ಚಿಕ್ಕಪ್ಪನ ಜೊತೆ ಮುಂಬೈಗೆ ಹೋದರು, ಅವರ ಸಹಾಯಕರಾಗಿ. ಆಮೇಲೆ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರಿಗೂ ಸಹಾಯಕರು. ಹೆಸರು ತಂದುಕೊಟ್ಟ 'ಊಪರ್ ಗಗನ್ ವಿಶಾಲ್' ಬಂದದ್ದು 1950ರಲ್ಲಿ, 'ಮಶಾಲ್' ಚಿತ್ರಕ್ಕೆ. ನಡುವೆ ಎಂಟು ವರ್ಷ! ಸಿನಿಮಾ ಕೆಲಸ ನಡೆಯುತ್ತಿದ್ದಾಗಲೇ ಉಸ್ತಾದ್ ಅಮಾನ್ ಅಲಿ ಖಾನ್, ಉಸ್ತಾದ್ ಅಬ್ದುಲ್ ರಹಮಾನ್ ಖಾನ್ ಅವರ ಹತ್ತಿರ ಪಾಠವೂ ಆಯಿತು. ಎಂಟು ತಿಂಗಳಿಗೇ ಟೀವಿಯಲ್ಲಿ ಹಾಡಿಸಿ ಅನ್ನುವವರು ಈ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಈಗ 1956ಕ್ಕೆ ಬನ್ನಿ. 'ಬಸಂತ್ ಬಹಾರ್' ಚಿತ್ರ, ಶಂಕರ್-ಜೈಕಿಶನ್ ಸಂಗೀತ, 'ಕೇತಕಿ ಗುಲಾಬ್ ಜೂಹಿ' ಎಂಬ ಹಾಡು. ಆಸ್ಥಾನದಲ್ಲಿ ಇಬ್ಬರು ಗಾಯಕರ ಸ್ಪರ್ಧೆ, ನಾಯಕ ಗೆಲ್ಲಬೇಕು. ನಾಯಕನಿಗೆ ದನಿ ಮನ್ನಾ ಡೇ. ಎದುರಾಳಿಗೆ? ನಮ್ಮ ಗದಗದ ಕಡೆಯ ಭೀಮಸೇನ ಜೋಶಿ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ! ಅಂಥವರನ್ನು ಸೋಲಿಸಬೇಕು ಅಂದಾಗ ಮನ್ನಾ ಡೇ ಬೆವೆತುಹೋದರು. ಊರು ಬಿಟ್ಟು ಹೋಗೋಣ, ರೆಕಾರ್ಡಿಂಗ್ ಮುಗಿದ ಮೇಲೆ ಬಂದರಾಯಿತು ಅಂದರಂತೆ. ಬಿಡಲಿಲ್ಲ ಹೆಂಡತಿ ಸುಲೋಚನಾ. ಕಥೆಯಲ್ಲಿ ಗೆಲ್ಲುವವನು ನಾಯಕ ತಾನೇ, ನೀವು ಹಾಡಲೇಬೇಕು ಎಂದು ಪಟ್ಟು ಹಿಡಿದರು. ಮನ್ನಾ ಡೇ ಕೂತು ಅಭ್ಯಾಸ ಮಾಡಿದರು, ಹಾಡಿದರು. ಇದನ್ನೆಲ್ಲ ಹೇಳಿಕೊಂಡವರು ಅವರೇ, ಅದೂ ಎಷ್ಟೋ ಸಲ, ನಗುನಗುತ್ತ.

ಅಭ್ಯಾಸ ಯಾಕೆ ಬೇಕಿತ್ತು ನೋಡಿ. ಆ ಹಾಡು ಬಸಂತ್ ರಾಗದ್ದು, ಅದರ ಜೀವ ಇರುವುದು ಮೇಲಿನ ಷಡ್ಜದ, ಅಂದರೆ ಮೇಲಿನ 'ಸ' ಸ್ವರದ ಸುತ್ತ. ಹಿಂದೂಸ್ತಾನಿ ಖಯಾಲ್ ಗಾಯನದ ಕಛೇರಿಯಲ್ಲಾದರೆ ಅಲ್ಲಿಗೆ ಹತ್ತಲು ಅರ್ಧ ಗಂಟೆ ಸಿಗುತ್ತದೆ. ಸಿನಿಮಾ ಹಾಡಿನಲ್ಲಿ ಕೆಲವೇ ನಿಮಿಷ, ಗಂಟಲು ಕಾಯಿಸಲು ಪುರುಸೊತ್ತಿಲ್ಲ. ಆಗ ಗಾಯಕರು, ವಾದ್ಯದವರು ಎಲ್ಲ ಒಟ್ಟಿಗೆ ಹಾಡಿ ನುಡಿಸಬೇಕಿತ್ತು. ಒಬ್ಬರು ಎಡವಿದರೆ ಎಲ್ಲರೂ ಮತ್ತೆ ಮೊದಲಿಂದ. ನಿಲ್ಲಲು ಬಾರದವನ ಗಂಟಲು ಆ ಷಡ್ಜದಲ್ಲಿ ಬಿಗಿಯುತ್ತದೆ, ಸ್ವರ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಅದನ್ನು ಮುಚ್ಚಿಡಲು ತಾನ್, ಅಂದರೆ ವೇಗದ ಸ್ವರಗಳ ಸಾಲು ಹೊಡೆಯುತ್ತಾನೆ. ಮನ್ನಾ ಡೇ ಹಾಗೆ ಮುಚ್ಚಿಡಬೇಕಾಗಿರಲಿಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಬೆಳಿಗ್ಗೆ ಇಪ್ಪತ್ತು ನಿಮಿಷ ತಂಬೂರಿ ಹಾಕಿ, ಮಧ್ಯಮ ಸ್ಥಾಯಿಯ ಷಡ್ಜ, 'ಆ' ಎನ್ನುತ್ತ, ಮೆಲ್ಲಗೆ. ಒಂದೊಂದು ಉಸಿರಿಗೆ ಹತ್ತು ಹನ್ನೆರಡು ಸೆಕೆಂಡು ಸಾಕು. ಉಸಿರು ಪೂರ್ತಿ ಖಾಲಿಯಾಗುವವರೆಗೆ ಎಳೆಯಬಾರದು, ಕೊನೆಯ ಎರಡು ಸೆಕೆಂಡಿನಲ್ಲೇ ಸ್ವರ ಜಾರುವುದು. ಜಾರಿದ್ದು ಕಿವಿಗೆ ರೂಢಿಯಾದರೆ ಮುಂದೆ ತಿದ್ದುವುದು ಕಷ್ಟ. ಷಡ್ಜ ಗಟ್ಟಿಯಾದ ಮೇಲೆ ಕೆಳಗಿನ ನಿಷಾದ, ಧೈವತ, ಪಂಚಮ (ನಿ, ದ, ಪ), ಹೀಗೆ ಒಂದೊಂದೇ ಮೆಟ್ಟಿಲು. ಗದ್ದ ಎದೆಗೆ ಒತ್ತಿ ಕೆಳಗಿನ ಸ್ವರ ಹಿಡಿಯುವ ಮಕ್ಕಳಿದ್ದಾರೆ. ತಲೆ ನೇರ ಇಡಿಸಿ, ಸ್ವರ ಬರದಿದ್ದರೆ ಅಲ್ಲಿಗೇ ಬಿಡಿ, ನಾಳೆ ಬರುತ್ತದೆ. ಹಾಡು ಆಮೇಲೆ. ಮೊದಲು ನಿಲ್ಲಲಿ!

ಸಮಯ ಆಯಿತು ಎಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. 'ಲಾಗಾ ಚುನರೀ ಮೇ ದಾಗ್' ಹಾಡಿನ ತರಾನಾ (ನಮ್ಮ ತಿಲ್ಲಾನದಂಥ ಭಾಗ) ಬಗ್ಗೆ ಹೇಳಬೇಕಿತ್ತು, 'ಚೆಮ್ಮೀನ್' ಚಿತ್ರಕ್ಕೆ ಮಲಯಾಳದಲ್ಲಿ ಹಾಡಿದ್ದರ ಬಗ್ಗೆ ಕೂಡ. ಸುಲೋಚನಾ ಕೇರಳದವರೇ. 2007ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮನ್ನಾ ಡೇ ಅವರಿಗೆ ಸಂದಿತು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು, 2013ರ ಅಕ್ಟೋಬರ್ 24ರಂದು ಇಲ್ಲೇ ತೀರಿಕೊಂಡರು.

ಈಗ ನೀವು ಕೇಳುವುದು 1963ರ 'ಪೂಛೋ ನ ಕೈಸೇ ಮೈನೇ ರೈನ್ ಬಿತಾಯೀ', ಬರ್ಮನ್ ಅವರ ಸಂಗೀತ. ರಾಗ ಅಹೀರ್ ಭೈರವ್, ನಮ್ಮ ಕರ್ನಾಟಕ ಪದ್ಧತಿಯ ಚಕ್ರವಾಕಕ್ಕೆ ತೀರ ಹತ್ತಿರ. ಇದರ ಕೋಮಲ ರಿಷಭ, ಅಂದರೆ ಷಡ್ಜಕ್ಕೆ ಅಂಟಿಕೊಂಡಂತಿರುವ ತಗ್ಗಿನ 'ರಿ', ತೊಟ್ಟಿಲಿನ ಹಾಗೆ ನಿಧಾನವಾಗಿ ತೂಗಬೇಕು. ಅವಸರ ಮಾಡಿದರೆ ನಡುಗುತ್ತದೆ, ಅಳುವಿನ ಹಾಗೆ ಕೇಳುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ, ಒಲೆ ಮೇಲಿನ ಕುಕ್ಕರ್ ಆರಿಸಿ. ರಿಷಭ ಬಂದಾಗಲೆಲ್ಲ ಮಗು ಕೈ ಎತ್ತಲಿ.