ಕ್ರಿಸ್‌ಮಸ್ ರಜೆ, ಲಂಡನ್ನಿನ ಚರ್ಚು ಮತ್ತು ನಮ್ಮಂಥವರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಮುಂದಿನ ಸೆಪ್ಟೆಂಬರಿಗೆ ಇಂಗ್ಲೆಂಡಿಗೆ ಓದಲು ಹೊರಟವರು. ಬಾಡಿಗೆ ರೂಮು, ಬ್ಯಾಂಕ್ ಖಾತೆ, ಪಾರ್ಟ್ ಟೈಮ್ ಕೆಲಸ, ಇವುಗಳ ಬಗ್ಗೆ ಹೇಳುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ನನ್ನನ್ನು ಕರೆದಿರುವುದು ಕ್ರಿಸ್‌ಮಸ್ ಸಮಯದಲ್ಲಿ ಅಲ್ಲಿನ ಚರ್ಚುಗಳಲ್ಲಿ ಮಾಡುವ ಸ್ವಯಂಸೇವೆಯ ಬಗ್ಗೆ ಮಾತಾಡಲು. ಲಂಡನ್ನಿನಲ್ಲಿ ಇದ್ದಷ್ಟು ಚಳಿಗಾಲವೂ ನಾನು ಇದನ್ನು ಮಾಡಿದೆ. ನಾನು ಕ್ರೈಸ್ತನಲ್ಲ. ಅಲ್ಲಿ ಯಾರೂ ಅದನ್ನು ಕೇಳಲೂ ಇಲ್ಲ.

ಡಿಸೆಂಬರ್ 25ರಂದು ಲಂಡನ್ ಹೇಗಿರುತ್ತದೆ ಗೊತ್ತಾ? ಟ್ಯೂಬ್, ಅಂದರೆ ನೆಲದಡಿಯ ರೈಲು, ಓಡುವುದಿಲ್ಲ. ಕೆಂಪು ಬಸ್ಸೂ ಇಲ್ಲ. ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯಬಾರದು ಎಂದು 2004ರಿಂದ ಕಾನೂನೇ ಇದೆ. ಲೈಬ್ರರಿಗಳು ಬಂದ್. ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಮನೆ ಇದ್ದವರಿಗೆ ಇದೆಲ್ಲ ಹಬ್ಬದ ನೆಮ್ಮದಿ. ಮನೆ ಇಲ್ಲದವರ ಕಥೆಯೇ ಬೇರೆ. ಹಗಲು ಲೈಬ್ರರಿಯಲ್ಲಿ ಕೂತು, ರಾತ್ರಿ ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತಾ ನಿದ್ದೆ ಮಾಡುವವರು ಆ ಊರಲ್ಲಿ ಇದ್ದಾರೆ. ಬೆಚ್ಚಗಿರುವ ಎಲ್ಲ ಜಾಗವೂ ಒಂದೇ ದಿನ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು?

ಚರ್ಚಿಗೆ. ಆದರೆ ಚರ್ಚಿಗೂ ಅದೇ ದಿನ ಕಷ್ಟ. ವರ್ಷವಿಡೀ ಕೈಜೋಡಿಸುವ ಭಕ್ತರಿಗೆ ಅಂದು ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಬಂದಿರುತ್ತಾರೆ. ದೂರದವರಿಗೆ ಬರಲು ಬಸ್ಸಿಲ್ಲ. ಆಗ ಯಾರು ಬೇಕು ಹೇಳಿ? ಚರ್ಚಿನಿಂದ ನಡೆದು ಹೋಗುವಷ್ಟು ಹತ್ತಿರ ಇರುವವರು, ಮನೆಯಲ್ಲಿ ಹಬ್ಬದೂಟ ಕಾಯುತ್ತಿಲ್ಲದವರು. ಅಂದರೆ ಹಾಸ್ಟೆಲಿನಲ್ಲಿ ಒಬ್ಬರೇ ಉಳಿದುಕೊಂಡ ನೀವು. ದೇವರ ಮೇಲೆ ನಿಮಗೆಷ್ಟು ನಂಬಿಕೆ ಅನ್ನುವುದಕ್ಕಿಂತ ನಿಮ್ಮ ಮನೆಯ ಪಿನ್‌ಕೋಡ್ ಅಲ್ಲಿ ಮುಖ್ಯ. ನಾನು ಕೆಲಸ ಮಾಡಿದ ಕಡೆ ಕ್ರಿಸ್‌ಮಸ್ ದಿನದ ಪಾತ್ರೆ ತೊಳೆದವರಲ್ಲಿ ಸಿಖ್ಖರು, ಮುಸ್ಲಿಮರು, ಯಾವ ದೇವರನ್ನೂ ಒಪ್ಪದವರು, ಎಲ್ಲರೂ ಇದ್ದರು.

ಇದಕ್ಕೊಂದು ಹಳೆಯ ಪರಂಪರೆ ಇದೆ. ಟ್ರಫಾಲ್ಗರ್ ಚೌಕದ ಪಕ್ಕದಲ್ಲಿ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ಚರ್ಚ್ ಇದೆ. 1914ರಲ್ಲಿ ಡಿಕ್ ಶೆಪರ್ಡ್ ಎಂಬವರು ಅಲ್ಲಿಗೆ ವಿಕಾರ್, ಅಂದರೆ ಮುಖ್ಯ ಪಾದ್ರಿ, ಆಗಿ ಬಂದರು. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಪಕ್ಕದ ಚೇರಿಂಗ್ ಕ್ರಾಸ್ ಸ್ಟೇಷನ್ನಿನಿಂದ ಸೈನಿಕರು ಫ್ರಾನ್ಸಿಗೆ ಹೋಗಿ ಬರುತ್ತಿದ್ದರು. ಶೆಪರ್ಡ್ ರಾತ್ರಿಯೂ ಚರ್ಚಿನ ಬಾಗಿಲು ತೆರೆದಿಟ್ಟು ಅವರಿಗೆ ಮಲಗಲು ಜಾಗ ಕೊಟ್ಟರು. ಯುದ್ಧ ಮುಗಿದ ಮೇಲೆ ಅದೇ ಜಾಗಕ್ಕೆ ನಿರುದ್ಯೋಗಿಗಳು, ಬೀದಿಯಲ್ಲಿ ಮಲಗುವವರು ಬಂದರು. 1924ರ ಜನವರಿ 6ರಂದು ಬಿಬಿಸಿ ರೇಡಿಯೊ ಮೊದಲ ಸಲ ಚರ್ಚ್ ಪ್ರಾರ್ಥನೆಯೊಂದನ್ನು ಪ್ರಸಾರ ಮಾಡಿದ್ದು ಇಲ್ಲಿಂದಲೇ. ಮನೆಯಿಲ್ಲದವರಿಗಾಗಿ ಡಿಸೆಂಬರಿನಲ್ಲಿ ರೇಡಿಯೊದಲ್ಲಿ ಹಣ ಕೇಳುವ ಪದ್ಧತಿಯೂ ಆ ಕಾಲದಿಂದ ಬಂದದ್ದು, ಇವತ್ತಿಗೂ ನಡೆಯುತ್ತಿದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಹಗುರವಾದದ್ದು. ಡಿಸೆಂಬರಿನಲ್ಲಿ ಯಾವುದಾದರೂ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಪಂಗಡದ) ಚರ್ಚಿಗೆ ಹೋಗಿ ‘ಏನಾದರೂ ಸಹಾಯ ಬೇಕಾ’ ಎಂದು ಕೇಳಿದರೆ ನಿಮ್ಮ ಮುಂದೆ ಕಿತ್ತಳೆ ಹಣ್ಣಿನ ಪೆಟ್ಟಿಗೆ ಇಡುವ ಸಾಧ್ಯತೆ ಜಾಸ್ತಿ. ಅದು ಕ್ರಿಸ್ಟಿಂಗಲ್ ಮಾಡಲು, ಅಂದರೆ ಮಕ್ಕಳು ಕೈಯಲ್ಲಿ ಹಿಡಿಯುವ ಕಿತ್ತಳೆ ದೀಪ. ಕಿತ್ತಳೆಯ ಸುತ್ತ ಕೆಂಪು ಟೇಪು ಕಟ್ಟಬೇಕು. ಮೇಲೆ ತೂತು ಕೊರೆದು, ರಸ ಸೋರದ ಹಾಗೆ ಫಾಯಿಲ್ ಇಟ್ಟು, ಪುಟ್ಟ ಮೇಣದಬತ್ತಿ ಸಿಕ್ಕಿಸಬೇಕು. ನಾಲ್ಕು ಕಡೆ ನಾಲ್ಕು ಕಡ್ಡಿ, ಆ ಕಡ್ಡಿಗಳಿಗೆ ಮೆತ್ತನೆಯ ಮಿಠಾಯಿ. ಕಿತ್ತಳೆ ಎಂದರೆ ಜಗತ್ತು, ಟೇಪು ಏಸುವಿನ ರಕ್ತ, ಕಡ್ಡಿಗಳು ನಾಲ್ಕು ಋತು, ಬತ್ತಿ ಬೆಳಕು. 1747ರಲ್ಲಿ ಜರ್ಮನಿಯ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರು ಮಕ್ಕಳ ಕೈಗೆ ಕೆಂಪು ರಿಬ್ಬನ್ನಿನ ಮೇಣದಬತ್ತಿ ಕೊಟ್ಟಿದ್ದರಿಂದ ಇದು ಶುರುವಾಯಿತು. ಇಂಗ್ಲೆಂಡಿನ ಚರ್ಚುಗಳಿಗೆ ತಂದವರು ಜಾನ್ ಪೆನ್ಸಮ್, 1968ರಲ್ಲಿ, ಮಕ್ಕಳ ಕಲ್ಯಾಣ ಸಂಸ್ಥೆಯೊಂದಕ್ಕೆ ಹಣ ಕೂಡಿಸಲು.

ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಕೂರುತ್ತಾರಲ್ಲ, ಹಾಗಿರುತ್ತದೆ ಆ ಮಧ್ಯಾಹ್ನ. ಉದ್ದನೆಯ ಮೇಜು, ಸುತ್ತ ಅಜ್ಜಿಯರು, ಬಾಯ್ತುಂಬ ಊರ ಸುದ್ದಿ. ನಿಮ್ಮ ಇಂಗ್ಲಿಷ್ ಸುಧಾರಿಸಲು ಇದಕ್ಕಿಂತ ಒಳ್ಳೆಯ ಕ್ಲಾಸ್ ಇಲ್ಲ. ಆಮೇಲೆ ಕತ್ತಲಲ್ಲಿ ನೂರಾರು ಮಕ್ಕಳು ಉರಿಯುವ ಬತ್ತಿ ಹಿಡಿದು ನಿಂತಾಗ ಯಾರ ಉದ್ದ ಕೂದಲಿಗೂ ಬೆಂಕಿ ತಾಗದ ಹಾಗೆ ನೋಡಿಕೊಳ್ಳುವುದೂ ನಿಮ್ಮದೇ ಕೆಲಸ. ಇದಕ್ಕೆ ಹೆದರಿ ಕೆಲವು ಚರ್ಚುಗಳು ಬತ್ತಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸುತ್ತವೆ. ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ, ನಿಜ ಹೇಳಬೇಕೆಂದರೆ.

ಭಾರದ ಕೆಲಸ ಎಂದರೆ ಚಳಿಗಾಲದ ತಂಗುದಾಣ. ಒಂದು ಪ್ರದೇಶದ ಏಳು ಚರ್ಚುಗಳು ಸೇರಿ ವಾರದ ಏಳು ರಾತ್ರಿಗಳನ್ನು ಹಂಚಿಕೊಳ್ಳುತ್ತಿದ್ದವು. ಸೋಮವಾರ ಒಂದು ಚರ್ಚಿನ ಹಾಲ್, ಮಂಗಳವಾರ ಇನ್ನೊಂದು. ಸಂಜೆ ಗೆಸ್ಟ್‌ಗಳು (ಮನೆಯಿಲ್ಲದವರನ್ನು ಅಲ್ಲಿ ಕರೆಯುವುದೇ ಹಾಗೆ) ಬರುತ್ತಾರೆ, ಬಿಸಿಯೂಟ ಮಾಡುತ್ತಾರೆ, ಮಲಗುತ್ತಾರೆ, ಬೆಳಗ್ಗೆ ತಿಂಡಿ ತಿಂದು ಹೊರಡುತ್ತಾರೆ. 2020ರಲ್ಲಿ ಕೋವಿಡ್ ಬಂದ ಮೇಲೆ ಒಂದೇ ಹಾಲಿನಲ್ಲಿ ಮಲಗಿಸುವುದು ನಿಂತಿತು. ಈಗ ಹಲವು ಕಡೆ ಒಬ್ಬೊಬ್ಬರಿಗೆ ಒಂದು ರೂಮು. ಆದರೂ ಊಟ ಹಾಕುವುದು, ಹಾಸಿಗೆಯ ಚಾದರ ಒಗೆಯುವುದು ತಪ್ಪಿಲ್ಲ.

ಅಡುಗೆಮನೆಗೆ ಹೋದರೆ ಗೋಡೆಯ ಮೇಲೆ ಒಂದು ಪಟ್ಟಿ ಕಾಣುತ್ತದೆ. ಅಲರ್ಜಿ ತರುವ 14 ಪದಾರ್ಥಗಳು. ಅದರಲ್ಲಿ ಕಡಲೆಕಾಯಿ ಇದೆ, ಎಳ್ಳು ಇದೆ, ಸಾಸಿವೆಯೂ ಇದೆ. ಅಂದರೆ ನಮ್ಮ ಯಾವ ಒಗ್ಗರಣೆಯೂ ಹೇಳದೆ ಹಾಕುವ ಹಾಗಿಲ್ಲ. ‘ನಾನು ಚಿತ್ರಾನ್ನ ಮಾಡ್ತೀನಿ’ ಎಂದು ಉತ್ಸಾಹದಿಂದ ಹೊರಡುವ ಮೊದಲು ಪಟ್ಟಿ ನೋಡಿ, ಚೀಟಿ ಬರೆದಿಡಿ. ಇನ್ನೊಂದು ವಿಷಯ, ಬೀದಿಯಲ್ಲಿ ವರ್ಷಗಟ್ಟಲೆ ಇದ್ದವರ ಹಲ್ಲು ಚೆನ್ನಾಗಿರುವುದಿಲ್ಲ. ಒಣಗಿದ ಟರ್ಕಿ ಕೋಳಿಯ ಮಾಂಸ ಅವರಿಗೆ ಶಿಕ್ಷೆ. ಆಲೂಗಡ್ಡೆ ಮೆತ್ತಗೆ ಬೇಯಿಸಿ, ಗ್ರೇವಿ ಧಾರಾಳವಾಗಿ ಹಾಕಿ.

ಆ ಗ್ರೇವಿಯನ್ನೂ ಎಲ್ಲರೂ ಮೆಚ್ಚುವುದಿಲ್ಲ. ಒಬ್ಬ ಗೆಸ್ಟ್ ನನ್ನ ಮುಖ ನೋಡಿ ಮೆಲ್ಲಗೆ ಹಿಂದಿಯಲ್ಲಿ ಕೇಳಿದರು, ‘ಖಾರದ್ದು ಏನಾದರೂ ಇದೆಯಾ ತಮ್ಮಾ?’ ಪಂಜಾಬಿನವರು, ಕಟ್ಟಡ ಕೆಲಸಕ್ಕೆ ಬಂದವರು. ಕಪಾಟಿನಲ್ಲಿ ಹುಡುಕಿ ಚಿಲ್ಲಿ ಸಾಸ್ ಬಾಟಲಿ ತಂದುಕೊಟ್ಟೆ. ಇಡೀ ತಟ್ಟೆ ಕೆಂಪಾಗುವ ಹಾಗೆ ಸುರಿದುಕೊಂಡು, ಈ ದೇಶದವರ ಅಡುಗೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದರು. ನಾನು ಬಡಿಸುವುದು ಬಿಟ್ಟು ಕೇಳುತ್ತಾ ಕೂತೆ. ಅಲ್ಲಿನ ಮೇಲ್ವಿಚಾರಕರು ಬೈಯಲಿಲ್ಲ. ಬಡಿಸಲು ಕೈಗಳು ಬೇಕಾದಷ್ಟಿವೆ, ಕೂತು ಕೇಳುವವರು ಕಡಿಮೆ ಎಂದು ಅವರಿಗೆ ಗೊತ್ತು. ಆದರೆ ‘ನೀವು ಬೀದಿಗೆ ಹೇಗೆ ಬಂದಿರಿ’ ಎಂದು ಮಾತ್ರ ಕೇಳಬೇಡಿ. ಅವರಾಗಿ ಹೇಳಿದರೆ ಸರಿ. ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಸೇವೆ ಮಾಡಿದ್ದನ್ನು ಇನ್‌ಸ್ಟಾಗ್ರಾಮಿಗೆ ಹಾಕುವ ಆಸೆ ಇದ್ದರೆ ಕಿತ್ತಳೆ ಹಣ್ಣಿನ ಫೋಟೋ ಹಾಕಿ.

ಕೊನೆಗೆ ಕಾಗದಪತ್ರ. ಡಿಸೆಂಬರಿನಲ್ಲಿ ಹೋಗಿ ಕೇಳಿದರೆ ತಡವಾಗಿರುತ್ತದೆ. ಅಕ್ಟೋಬರಿನಲ್ಲೇ ಇಮೇಲ್ ಹಾಕಿ. ಪರಿಚಯಸ್ಥರ ಹೆಸರು ಕೇಳುತ್ತಾರೆ. ಮಕ್ಕಳ ಜೊತೆ ಕೆಲಸವಾದರೆ ಪೊಲೀಸ್ ದಾಖಲೆ ಪರಿಶೀಲಿಸುತ್ತಾರೆ. ಹೊಸದಾಗಿ ಹೋದವರಿಗೆ ಊರಿನ ಪೊಲೀಸ್ ಕ್ಲಿಯರೆನ್ಸ್ ತರಲು ಹೇಳಬಹುದು. ಸ್ಟೂಡೆಂಟ್ ವೀಸಾದವರು ಗಮನಿಸಿ: ಸುಮ್ನೆ ಕೈಲಾದಾಗ ಮಾಡುವ ಸೇವೆ, ಓದಿನ ದಿನಗಳಲ್ಲಿ ಕೆಲಸಕ್ಕಿರುವ ವಾರದ 20 ಗಂಟೆಗಳ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಸಂಬಳವಿಲ್ಲದಿದ್ದರೂ ಒಪ್ಪಂದ ಮಾಡಿಕೊಂಡು, ಇಷ್ಟು ಗಂಟೆ ಬರಲೇಬೇಕು ಎಂದಾದರೆ ಅದು ಕೆಲಸ, ಲೆಕ್ಕಕ್ಕೆ ಬರುತ್ತದೆ. ವಿಸಿಟರ್ ವೀಸಾದಲ್ಲಿ ಮಗಳ ಮನೆಗೆ ಹೋಗುವ ಅಪ್ಪ ಅಮ್ಮನೂ ನೋಂದಾಯಿತ ಚಾರಿಟಿಯಲ್ಲಿ ಒಟ್ಟು 30 ದಿನದವರೆಗೆ ಸೇವೆ ಮಾಡಬಹುದು.

ಮತ್ತೊಂದು. 25ಕ್ಕೆ ಜಾಗ ತುಂಬಿದೆ ಎಂದು ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಕೆಲವು ಕಡೆ ಹಬ್ಬದ ದಿನಕ್ಕೆ ಮೊದಲೇ ಹೆಸರು ಕೊಟ್ಟವರು ಸಾಕಷ್ಟು ಇರುತ್ತಾರೆ. ಜನವರಿ ಮೂರನೇ ವಾರದ ರಾತ್ರಿ ಪಾಳಿಯ ಪಟ್ಟಿ ಕಳಿಸಿ ಎಂದು ಕೇಳಿ, ಅದರಲ್ಲಿ ಖಾಲಿ ಜಾಗ ಖಂಡಿತ ಇರುತ್ತದೆ. ಚಳಿ ಆಗಲೇ ಜಾಸ್ತಿ, ಅಲ್ವಾ?

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಕೈ ಎತ್ತಿದವರು, ಹೇಳಿ.