ಡ್ವಾರ್ಫ್ ಲಯನ್‌ಫಿಶ್: ಮುಳ್ಳಿಗಿಂತ ಬಾಯಿಯ ಚಿಂತೆ

ಎಲ್ಲರಿಗೂ ನಮಸ್ಕಾರ.

ಮುಳ್ಳಿನಲ್ಲಿ ವಿಷವಿರುವ ಸಮುದ್ರದ ಮೀನು ಲಯನ್‌ಫಿಶ್ ಅನ್ನು ಸಾಕುತ್ತೇನೆ ಅಂದ ಕೂಡಲೇ ಜನ ಮೊದಲು ಕೇಳುವುದು ವಿಷದ ಬಗ್ಗೆ. ಚುಚ್ಚುತ್ತದಾ? ಚುಚ್ಚಿದರೆ ಏನಾಗುತ್ತದೆ? ಕೇಳಬೇಕಾದ ಪ್ರಶ್ನೆಯೇ, ಆಮೇಲೆ ಉತ್ತರ ಕೊಡುತ್ತೇನೆ. ಆದರೆ ಮನೆಯ ಟ್ಯಾಂಕಿನಲ್ಲಿ ಈ ಮೀನು ಹಾಳಾಗುವುದು ಹೆಚ್ಚಾಗಿ ಊಟದ ವಿಷಯದಲ್ಲಿ. ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ, ಪಕ್ಕದಲ್ಲಿರುವ ಯಾರನ್ನು ತಿನ್ನುತ್ತದೆ ಅನ್ನುವುದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಇವತ್ತು ಜಾಸ್ತಿ ಹೊತ್ತು ಊಟದ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಮೀನಿನ ಪರಿಚಯ. ಚಿತ್ರಗಳಲ್ಲಿ ಕಾಣುವ ದೊಡ್ಡ ಲಯನ್‌ಫಿಶ್ ಟೆರೋಯಿಸ್ ಗುಂಪಿನದು, ಒಂದಡಿಗಿಂತ ಉದ್ದ ಬೆಳೆಯುತ್ತದೆ. ನಮ್ಮ ಡ್ವಾರ್ಫ್‌ಗಳು, ಅಂದರೆ ಕುಳ್ಳ ಲಯನ್‌ಫಿಶ್‌ಗಳು, ಡೆಂಡ್ರೋಕೈರಸ್ ಗುಂಪಿನವು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ ಹವಳದ ದಿಬ್ಬಗಳು ಇವುಗಳ ಊರು. ಸಾಕುವವರ ನಡುವೆ ಮೂರು ಹೆಸರು ಓಡಾಡುತ್ತವೆ: ಝೀಬ್ರಾ, ಫಝಿ, ಫು ಮಾಂಚು. ಝೀಬ್ರಾ, ಫಝಿ ಎರಡನ್ನೂ ವಿಜ್ಞಾನಕ್ಕೆ ಪರಿಚಯಿಸಿದ್ದು ಫ್ರೆಂಚ್ ವಿಜ್ಞಾನಿ ಕುವಿಯೆ, 1829ರಲ್ಲಿ. ಫಝಿ ಸಾಮಾನ್ಯವಾಗಿ 15 ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಝೀಬ್ರಾ ಅದಕ್ಕಿಂತ ಸ್ವಲ್ಪ ದೊಡ್ಡದು. ಫು ಮಾಂಚು ಎಲ್ಲಕ್ಕಿಂತ ಚಿಕ್ಕದು. ಬಾಯಿಯ ಮೇಲೆ ಎರಡು ಮೀಸೆ, ಬೆನ್ನಿನ ಹಿಂಭಾಗದ ರೆಕ್ಕೆಯಲ್ಲಿ ಕಣ್ಣಿನಂಥ ಎರಡು ಚುಕ್ಕೆ. ನೋಡಿದರೆ ಮನಸ್ಸು ಸೋಲುತ್ತದೆ, ನಿಜ. ಆದರೆ ಅದು ಬಹಳ ನಾಚಿಕೆಯ ಮೀನು, ಊಟಕ್ಕೆ ತುಂಬಾ ಕಾಡಿಸುತ್ತದೆ. ಮೊದಲ ಸಲ ಸಾಕುವವರಿಗೆ ನಾನು ಫಝಿಯನ್ನೇ ಹೇಳುತ್ತೇನೆ. ಗಟ್ಟಿ ಮೀನು, ಬೇಗ ಹೊಂದಿಕೊಳ್ಳುತ್ತದೆ.

ಫಝಿಗೆ ಸುಮಾರು 120 ಲೀಟರ್ ಟ್ಯಾಂಕ್ ಬೇಕು. ಝೀಬ್ರಾಗೆ ಇನ್ನೂ ದೊಡ್ಡದಿರಲಿ. ತಾಪಮಾನ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ, ಪಿಎಚ್ 8.1ರಿಂದ 8.4. ಗಲೀಜಿನಿಂದ ನೀರಿನಲ್ಲಿ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬಂದು ನಿಲ್ಲುವವರೆಗೆ ಮೀನು ತರಲೇಬೇಡಿ, ಅದಕ್ಕೆ ವಾರಗಳೇ ಹಿಡಿಯುತ್ತವೆ. ಮಾಂಸ ತಿನ್ನುವ ಮೀನು ಗಲೀಜು ಜಾಸ್ತಿ ಮಾಡುತ್ತದೆ, ಹಾಗಾಗಿ ಗಲೀಜನ್ನು ನೊರೆಯ ಜೊತೆ ಹೊರತೆಗೆಯುವ ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಹಾಕಿಸಿ. ಕಲ್ಲುಗಳನ್ನು ಜೋಡಿಸುವಾಗ ಗುಹೆ, ಚಾಚಿಕೊಂಡ ಅಂಚುಗಳು ಇರುವಂತೆ ನೋಡಿಕೊಳ್ಳಿ. ಈ ಮೀನು ಅಂಚಿನ ಕೆಳಗೆ ತಲೆಕೆಳಗಾಗಿ ಅಂಟಿಕೊಂಡಂತೆ ಗಂಟೆಗಟ್ಟಲೆ ಇರುತ್ತದೆ. ಹೊಸಬರು ಮೀನಿಗೆ ಏನೋ ಆಯ್ತು ಅಂತ ಗಾಬರಿಯಾಗುತ್ತಾರೆ. ಏನೂ ಆಗಿರುವುದಿಲ್ಲ, ಅದರ ಅಭ್ಯಾಸವೇ ಹಾಗೆ.

ಈಗ ಊಟ. ಲಯನ್‌ಫಿಶ್ ಬೆನ್ನಟ್ಟಿ ಬೇಟೆಯಾಡುವ ಮೀನಲ್ಲ. ಮೊಲ ಕಂಡ ಬೆಕ್ಕಿನ ಹಾಗೆ ನಿಧಾನವಾಗಿ ಹತ್ತಿರ ಬರುತ್ತದೆ, ಪಕ್ಕದ ರೆಕ್ಕೆಗಳನ್ನು ಅಗಲಿಸಿ ಬೇಟೆಯನ್ನು ಮೂಲೆಗೆ ಒತ್ತುತ್ತದೆ. ಆಮೇಲೆ ಒಮ್ಮೆಲೇ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಅಲುಗಾಡುವುದು ಮಾತ್ರ ಆಹಾರ. ಅಂಗಡಿಯಿಂದ ತಂದ ಹೊಸ ಮೀನು ತಳದಲ್ಲಿ ಬಿದ್ದ ಸತ್ತ ಸಿಗಡಿಯ ಕಡೆ ತಿರುಗಿಯೂ ನೋಡದಿದ್ದರೆ ಅದು ಹಟವಲ್ಲ. ಅದಕ್ಕೆ ಅದು ಊಟ ಅಂತ ಗೊತ್ತೇ ಇಲ್ಲ.

ಹಾಗಾಗಿ ಮೊದಲು ಜೀವಂತ ಸಣ್ಣ ಸಿಗಡಿ ಕೊಡಿ. ಸಂಜೆ ಬೆಳಕು ಕಡಿಮೆಯಾದ ಮೇಲೆ ಕೊಟ್ಟರೆ ಇನ್ನೂ ಒಳ್ಳೆಯದು, ಅದು ಇವುಗಳ ಬೇಟೆಯ ಹೊತ್ತು. ಧೈರ್ಯವಾಗಿ ತಿನ್ನಲು ಶುರು ಮಾಡಿದ ಮೇಲೆ, ಫ್ರೀಜರ್‌ನಿಂದ ತೆಗೆದು ಕರಗಿಸಿದ ಸಿಗಡಿಯ ತುಂಡನ್ನು ಉದ್ದ ಕಡ್ಡಿಗೆ ಸಿಕ್ಕಿಸಿ ಮುಂದೆ ಅಲುಗಾಡಿಸಿ. ಒಂದು ದಿನ ಹಿಡಿಯುತ್ತದೆ, ಇನ್ನೊಂದು ದಿನ ಉಗುಳುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಕಡ್ಡಿ ಕಂಡ ಕೂಡಲೇ ತಾನಾಗಿ ಮುಂದೆ ಬರುವ ದಿನ ಬಂದೇ ಬರುತ್ತದೆ, ಆ ದಿನದ ಖುಷಿಯೇ ಬೇರೆ. ತುಂಡು ಎಷ್ಟು ದೊಡ್ಡದಿರಬೇಕು? ಮೀನಿನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದು ಬೇಡ.

ಗೋಲ್ಡ್‌ಫಿಶ್ ಮರಿಗಳನ್ನು ಹಾಕುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ದಯವಿಟ್ಟು ಬಿಡಿ. ಸಿಹಿನೀರಿನ ಮೀನಿನ ಕೊಬ್ಬು ಸಮುದ್ರದ ಮೀನಿಗೆ ಒಗ್ಗುವುದಿಲ್ಲ. ಮೇಲಾಗಿ ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ, ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನು ಹೊಟ್ಟೆ ತುಂಬಿದ್ದರೂ ಒಳಗೊಳಗೇ ಸೊರಗುತ್ತದೆ. ಬರೀ ಒಂದೇ ಬಗೆಯ ಸಿಗಡಿಯೂ ಸಾಲದು. ಸಮುದ್ರದ ಮೀನು, ಸ್ಕ್ವಿಡ್, ಏಡಿ ಮಾಂಸ ಅಂತ ಬದಲಾಯಿಸುತ್ತಾ ಇರಿ, ಆಗಾಗ ವಿಟಮಿನ್ ಹನಿಯಲ್ಲಿ ನೆನೆಸಿ ಕೊಡಿ.

ಇನ್ನೊಂದು ತಪ್ಪು ಪ್ರೀತಿಯಿಂದ ಆಗುವುದು. ಪಳಗಿದ ಲಯನ್‌ಫಿಶ್ ನಿಮ್ಮನ್ನು ಕಂಡಾಗಲೆಲ್ಲ ಗಾಜಿನ ಹತ್ತಿರ ಬಂದು ಬೇಡುತ್ತದೆ. ಕರಗಿಹೋಗಬೇಡಿ. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕು. ದಿನಾ ತಿನ್ನಿಸಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಮರಿಗಳಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು.

ಜೊತೆಗಾರರ ಆಯ್ಕೆಯೂ ಬಾಯಿಯ ಲೆಕ್ಕವೇ. ಬಾಯಿಯಲ್ಲಿ ಹಿಡಿಸುವುದೆಲ್ಲ ಒಂದಲ್ಲ ಒಂದು ರಾತ್ರಿ ಮಾಯವಾಗುತ್ತದೆ. ಸಣ್ಣ ಗೋಬಿ ಮೀನು, ಕ್ಲೀನರ್ ಸಿಗಡಿ ಇವುಗಳ ಜೊತೆ ಬೇಡವೇ ಬೇಡ. ಹವಳಗಳನ್ನು ಇದು ಮುಟ್ಟುವುದಿಲ್ಲ. ಟ್ರಿಗರ್, ಪಫರ್ ಮೀನುಗಳು ಇದರ ರೆಕ್ಕೆಯನ್ನೇ ಕಚ್ಚುತ್ತವೆ, ಅವುಗಳನ್ನೂ ದೂರ ಇಡಿ.

ಈಗ ಮುಳ್ಳು. ಬೆನ್ನಿನ ಮೇಲೆ 13, ಹೊಟ್ಟೆಯ ಅಡಿಯ ರೆಕ್ಕೆಗಳಲ್ಲಿ 2, ಬಾಲದ ಹತ್ತಿರ ಕೆಳಗೆ 3, ಒಟ್ಟು 18 ವಿಷದ ಮುಳ್ಳು. ಬೀಸಣಿಗೆಯಂತೆ ಕಾಣುವ ಪಕ್ಕದ ರೆಕ್ಕೆಗಳಲ್ಲಿ ವಿಷವಿಲ್ಲ. ಚಿಕ್ಕ ಮೀನು, ಚಿಕ್ಕ ನೋವು ಅಂದುಕೊಳ್ಳಬೇಡಿ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಮೀನು ಎಲ್ಲಿದೆ ಅಂತ ನೋಡಿ. ಸಾಗಿಸುವಾಗ ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಡಬ್ಬಿಯೊಳಗೆ ಓಡಿಸಿ ನೀರಿನ ಸಮೇತ ಎತ್ತಿ. ಚುಚ್ಚಿದರೆ ಆ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ, ಸುಮಾರು 43ರಿಂದ 45 ಡಿಗ್ರಿ, 30ರಿಂದ 90 ನಿಮಿಷ ಇಡಿ. ಈ ವಿಷ ಪ್ರೋಟೀನಿನದು, ಶಾಖಕ್ಕೆ ಕೆಡುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದಲೇ ನೋಡಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಆಮೇಲೆ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ, ತಲೆ ಸುತ್ತಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಸಾಕಲು ಆಗದಿದ್ದರೆ ಇನ್ನೊಬ್ಬ ಸಾಕುವವರಿಗೆ ಕೊಡಿ, ಸಮುದ್ರಕ್ಕೆ ಮಾತ್ರ ಬಿಡಬೇಡಿ. ಅಟ್ಲಾಂಟಿಕ್‌ಗೆ ಸೇರದ ದೊಡ್ಡ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾ ತೀರದಲ್ಲಿ ಮೊದಲು ಕಂಡಿತು. ಟ್ಯಾಂಕಿನಿಂದ ಬಿಟ್ಟ ಮೀನುಗಳೇ ಅದಕ್ಕೆ ಮೂಲ ಎಂದು ಬಹುತೇಕ ತಜ್ಞರು ಭಾವಿಸುತ್ತಾರೆ. ಇವತ್ತು ಕೆರಿಬಿಯನ್‌ ಉದ್ದಕ್ಕೂ ಅದು ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ.

ಕೊಳ್ಳಲು ಹೋದಾಗ ಒಂದು ಕೆಲಸ ಮಾಡಿ. ಕಣ್ಣು ತಿಳಿಯಾಗಿದೆಯಾ, ಹೊಟ್ಟೆ ಒಳಗೆ ಸೇರಿಕೊಂಡಿಲ್ಲ ತಾನೇ ಅಂತ ನೋಡಿ. ಆಮೇಲೆ ನಿಮ್ಮ ಕಣ್ಣೆದುರೇ ಕಡ್ಡಿಯಿಂದ ಸತ್ತ ಸಿಗಡಿ ತಿನ್ನಿಸಿ ತೋರಿಸಲು ಕೇಳಿ. ತಿನ್ನದಿದ್ದರೆ ದುಡ್ಡು ಕೊಡಬೇಡಿ, ಮುಂದಿನ ವಾರ ಮತ್ತೆ ಹೋಗಿ ಕೇಳಿ.

ಈಗ ನಿಮ್ಮ ಪ್ರಶ್ನೆಗಳು ಬರಲಿ.